ಚಾಟ್ ಕಿಟಕಿ ತೆರೆಯುವ ಮುನ್ನ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನ ಊರು ದಾವಣಗೆರೆ. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷವಾಯಿತು. ವೆಬ್ ಅಪ್ಲಿಕೇಶನ್ ಬರೆಯುವುದು ನನ್ನ ಕೆಲಸ. ಮನೆಯಲ್ಲೇ ಚಟ್ನಿಪುಡಿ, ಹಪ್ಪಳ ಮಾಡಿ ಮಾರುವ ನಮ್ಮ ಸದಸ್ಯೆಯೊಬ್ಬರು ಮೊನ್ನೆ ಕೇಳಿದರು: "ನನ್ನ ವೆಬ್‌ಸೈಟಿಗೂ ಆ ಎಐ ಚಾಟ್ ಹಾಕಿಕೊಡ್ತೀಯೇನಮ್ಮ? ರಾತ್ರಿ ಹನ್ನೊಂದಕ್ಕೆಲ್ಲ ಫೋನ್ ಬರೋದು ತಪ್ಪುತ್ತೆ." ಅವರಿಗೆ ಹೇಳಿದ್ದನ್ನೇ ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಪುಟದ ಬಲಗಡೆ ಕೆಳಮೂಲೆಯಲ್ಲಿ ದುಂಡನೆಯ ಗುಂಡಿ ನೋಡಿರುತ್ತೀರಿ. ಒತ್ತಿದರೆ ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಅದೇ ಚಾಟ್ ವಿಜೆಟ್. ಅದನ್ನು ಕೂರಿಸಲು ಎಷ್ಟೋ ಸಲ ಒಂದೆರಡು ಸಾಲಿನ ಸ್ಕ್ರಿಪ್ಟ್ ಸಾಕು. ನಮ್ಮ ಮನೆಯ ಜಗಲಿಯಲ್ಲಿ ಬೇರೆಯವರು ಅಂಗಡಿ ಇಟ್ಟ ಹಾಗೆ. ಬಂದವರಿಗೆ ಮಾತ್ರ ಅದು ನಮ್ಮ ಮನೆಯೇ. ನೀವು ಟೈಪ್ ಮಾಡಿದ ಪ್ರಶ್ನೆ ಸರ್ವರ್ ದಾಟಿ ಎಐ ಮಾದರಿಗೆ ಹೋಗುತ್ತದೆ. ಅದು ಪದದ ಪಕ್ಕ ಪದ ಜೋಡಿಸಿ ಉತ್ತರ ಕಟ್ಟುತ್ತದೆ. ಗೊತ್ತಿದ್ದಾಗಲೂ ಗೊತ್ತಿಲ್ಲದಾಗಲೂ ಅದರ ಧಾಟಿ ಒಂದೇ. ತೊಂದರೆ ಇರುವುದು ಇಲ್ಲೇ.

ನನ್ನ ಅನುಭವವನ್ನೇ ಹೇಳುತ್ತೇನೆ. ಕರ್ನಾಟಕದಲ್ಲೂ ಶಾಖೆಗಳಿದ್ದ ಒಂದು ರಕ್ತಪರೀಕ್ಷಾ ಕೇಂದ್ರದ ಬುಕಿಂಗ್ ಪುಟಕ್ಕೆ ನಮ್ಮ ತಂಡ ಚಾಟ್ ಕೂರಿಸಿತು. ವಿಜೆಟ್ ಜೋಡಿಸಿದವಳು ನಾನೇ. ಶುರುವಾದ ವಾರದಲ್ಲೇ ಬೆಳಿಗ್ಗೆ ಸಂಭಾಷಣೆಗಳ ದಾಖಲೆ ನೋಡುತ್ತಿದ್ದೆ. ಹಿಂದಿನ ರಾತ್ರಿ ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು: "ನಾಳೆ ಖಾಲಿ ಹೊಟ್ಟೆ ಟೆಸ್ಟ್ ಇದೆ, ಶುಗರ್ ಮಾತ್ರೆ ತಗೋಬೇಕಾ?" ನಮ್ಮ ಚಾಟ್ ಉತ್ತರಿಸಿತ್ತು: "ಹೌದು, ಎಂದಿನಂತೆ ತೆಗೆದುಕೊಳ್ಳಿ."

ನನ್ನ ಕೈ ತಣ್ಣಗಾಯಿತು. ಕೆಲವು ಶುಗರ್ ಮಾತ್ರೆಗಳನ್ನು ಏನೂ ತಿನ್ನದೆ ತೆಗೆದುಕೊಂಡರೆ ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಕೇಂದ್ರದವರಿಗೆ ತಿಳಿಸಿ, ಬುಕಿಂಗಿನಲ್ಲಿದ್ದ ನಂಬರಿಗೆ ಫೋನ್ ಮಾಡಿಸಿದೆವು. ಪುಣ್ಯಕ್ಕೆ ಆ ತಾಯಿ ಸೊಸೆಯನ್ನು ಕೇಳಿ ಮಾತ್ರೆ ನಿಲ್ಲಿಸಿ, ಡಾಕ್ಟರನ್ನು ವಿಚಾರಿಸಲು ಕಾಯುತ್ತಿದ್ದರು.

ತಪ್ಪು ಎಲ್ಲಿತ್ತು? ಕೇಂದ್ರದ ಪುಟದಲ್ಲಿ ಎಷ್ಟು ಗಂಟೆ ಉಪವಾಸ ಎಂದಿತ್ತೇ ಹೊರತು ಮಾತ್ರೆಯ ವಿಚಾರ ಇರಲಿಲ್ಲ. ಇಲ್ಲದ್ದನ್ನು ಮಾದರಿ ತಾನೇ ತುಂಬಿತು. ನಾವೋ, ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ, ಅದೂ ಇಂಗ್ಲಿಷಿನಲ್ಲೇ ಕೇಳಿ ಪಾಸು ಮಾಡಿದ್ದೆವು.

ಆಮೇಲೆ ಹೀಗೆ ಬದಲಿಸಿದೆವು. ಚಾಟ್ ಮೊದಲು ಕೇಂದ್ರದವರು ಒಪ್ಪಿದ ಬರಹದಲ್ಲಿ ಹುಡುಕಬೇಕು; ಅಲ್ಲಿ ಇಲ್ಲದಿದ್ದರೆ "ನನಗೆ ತಿಳಿಯದು" ಎಂದು ಫೋನ್ ನಂಬರ್ ಕೊಡಬೇಕು. ಔಷಧಿಯ ಮಾತು ಬಂದರೆ ಉತ್ತರವೇ ಬೇಡ, ನೇರ ಮನುಷ್ಯರಿಗೆ ದಾಟಿಸಬೇಕು. ಪರೀಕ್ಷೆಗೆ ಕನ್ನಡ, ಮರಾಠಿ, ಇಂಗ್ಲಿಷ್ ಅಕ್ಷರದ ಕನ್ನಡ, ತಪ್ಪು ಕಾಗುಣಿತ, ಎಲ್ಲ ಸೇರಿಸಿದೆವು. ಪ್ರಶ್ನೆ ಬರೆದುಕೊಟ್ಟವರಲ್ಲಿ ನನ್ನ ಅತ್ತೆಯೂ ಒಬ್ಬರು! ನಮಗ್ಯಾರಿಗೂ ಹೊಳೆಯದ ಪ್ರಶ್ನೆಗಳು ಅವರಿಂದ ಬಂದವು.

ಯಂತ್ರ ಹೇಳಿದ್ದಕ್ಕೆ ನಾವು ಹೊಣೆಯೇ ಎಂದು ಕೇಳಬಹುದು. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಸಾವಿನ ಸಂದರ್ಭದ ರಿಯಾಯಿತಿಯನ್ನು ಟಿಕೆಟ್ ಕೊಂಡ ಮೇಲೂ ಕೇಳಬಹುದು ಎಂದಿತ್ತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟಿನ ಮಾತಿಗೆ ತಾನು ಹೊಣೆಯಲ್ಲ ಎಂದು ಸಂಸ್ಥೆ ವಾದಿಸಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು. ಜಗಲಿಯ ಅಂಗಡಿಗೂ ಮನೆಯವರೇ ಹೊಣೆ.

ಇನ್ನೊಂದು ಮಾತು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಎಂಬ ಸರಳ ಚಾಟ್ ಪ್ರೋಗ್ರಾಮನ್ನು ಪ್ರಕಟಿಸಿದರು. ಅದು ಬರೀ ಪ್ರೋಗ್ರಾಮು ಎಂದು ಗೊತ್ತಿದ್ದೂ ಅವರ ಕಾರ್ಯದರ್ಶಿ, ಅದರೊಡನೆ ಮಾತಾಡುವಾಗ ಅವರನ್ನೇ ಕೋಣೆಯಿಂದ ಹೊರಗೆ ಹೋಗಲು ಕೇಳಿದರಂತೆ. ಕಿಟಕಿ ಚಿಕ್ಕದಾದರೂ ಜನ ಮನಸ್ಸು ಬಿಚ್ಚುತ್ತಾರೆ. ಆದ್ದರಿಂದ ಬೇಡದ ವಿವರ ಕೇಳಬೇಡಿ, ದಾಖಲೆ ಎಷ್ಟು ದಿನ ಇರುತ್ತದೆಂದು ಮೊದಲೇ ತಿಳಿಸಿ. ನಮ್ಮ ದೇಶದಲ್ಲೂ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾಯ್ದೆ ಇದೆ.

ಮಾಡಿಸುವವರು ಇದನ್ನೂ ಕೇಳಿ: ಎಐ ಸೇವೆಯ ಕೀ ಎಲ್ಲಿದೆ? ಅದು ಸರ್ವರಿನಲ್ಲೇ ಇರಬೇಕು. ಬ್ರೌಸರಿನ ಕೋಡಿನಲ್ಲಿ ಇಟ್ಟರೆ ಯಾರು ಬೇಕಾದರೂ ತೆಗೆದು ಬಳಸುತ್ತಾರೆ, ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ. ಖರ್ಚಿಗೆ ತಿಂಗಳ ಮಿತಿ ಹಾಕಿಸಿ.

ಕೊನೆಗೆ ನಮ್ಮ ಅಕ್ಕನಿಗೆ ಚಾಟ್ ಹಾಕಿಕೊಟ್ಟೆ. ಬೆಲೆ, ಡೆಲಿವರಿ ದಿನ, ಎಷ್ಟು ದಿನ ಕೆಡುವುದಿಲ್ಲ, ಇಷ್ಟಕ್ಕೆ ಅದು ಉತ್ತರಿಸುತ್ತದೆ. "ಮಗುವಿಗೆ ಶೇಂಗಾ ಆಗಲ್ಲ, ಈ ಪುಡಿ ಕೊಡಬಹುದಾ?" ಎಂದರೆ ಅಕ್ಕ ಬರೆದುಕೊಟ್ಟ ಸಾಮಗ್ರಿ ಪಟ್ಟಿಯನ್ನು ಹಾಗೇ ತೋರಿಸಿ, ಅವರ ನಂಬರ್ ಕೊಡುತ್ತದೆ. ಅಂಥ ಫೋನ್ ರಾತ್ರಿ ಹನ್ನೊಂದಕ್ಕೂ ಬರುತ್ತದೆ. ಬರಲಿ ಎಂದರು ಅಕ್ಕ.