ಮಂಚದ ಬಾಡಿಗೆ, ಕಿವಿಯ ಕೋಣೆ



ದುಬೈಯ ಕರಾಮದಲ್ಲಿ ಒಳ್ಳೆಯ ಸ್ಪೀಕರ್ ಕೊಳ್ಳುವುದು ಸುಲಭ, ಇಡುವುದೇ ಕಷ್ಟ. ಬುರ್ಜುಮಾನ್ ಮೆಟ್ರೊ ನಿಲ್ದಾಣದಿಂದ ನಡೆದೇ ತಲುಪಬಹುದಾದ ಈ ಹಳೆಯ ಬಡಾವಣೆಯಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡಿನ ಕಡೆಯವರು ದಶಕಗಳಿಂದ ಇದ್ದಾರೆ. ಸಂಸಾರಸಮೇತ ಬಂದವರ ಮಾತು ಬೇರೆ. ಒಂಟಿಯಾಗಿ ಬಂದವರಲ್ಲಿ ಎಷ್ಟೋ ಮಂದಿ ಬಾಡಿಗೆ ಕೊಡುವುದು ಮನೆಗಲ್ಲ, ಕೋಣೆಗೂ ಅಲ್ಲ, ಒಂದು ಮಂಚಕ್ಕೆ. ಬೆಡ್‌ಸ್ಪೇಸ್ ಅಂದರೆ ಅದೇ. ಒಂದು ಕೋಣೆಯಲ್ಲಿ ನಾಲ್ಕೋ ಆರೋ ಜನ, ಮೇಲೊಂದು ಕೆಳಗೊಂದು ಬಂಕ್ ಮಂಚ. ಹೋಟೆಲಿನಲ್ಲಿ ದುಡಿಯುವವನು ರಾತ್ರಿ ಒಂದಕ್ಕೆ ಬರುತ್ತಾನೆ. ಆಫೀಸಿನವನು ಬೆಳಿಗ್ಗೆ ಆರಕ್ಕೆ ಏಳಬೇಕು. ಒಬ್ಬನಿಗೆ ಯಕ್ಷಗಾನ, ಇನ್ನೊಬ್ಬನಿಗೆ ಕೊಂಕಣಿ ಹಾಡು, ಮತ್ತೊಬ್ಬನಿಗೆ ಕ್ರಿಕೆಟ್ ಕಾಮೆಂಟರಿ. ಜಗಳವಿಲ್ಲದೆ ಎಲ್ಲರಿಗೂ ತಮತಮಗೆ ಬೇಕಾದದ್ದು ಕೇಳಬೇಕೆಂದರೆ ಇರುವ ದಾರಿ ಹೆಡ್‌ಫೋನ್ ಒಂದೇ.

ಹೀಗೆ ಅನಿವಾರ್ಯಕ್ಕೆ ಕಿವಿಗೇರಿದ ವಸ್ತು ಕೆಲವರಿಗೆ ಹವ್ಯಾಸವಾಗಿ ಅಂಟಿಕೊಳ್ಳುತ್ತದೆ. ಮೊದಲ ಜೊತೆ ಕೊಳ್ಳುವಾಗ ಅವರು ಕೊಳ್ಳುವುದು ಒಂದು ಖಾಸಗಿ ಕೋಣೆಯನ್ನು. ಆಮೇಲೆ ಕೊಳ್ಳುವ ಎರಡನೆಯದು, ಮೂರನೆಯದರ ಲೆಕ್ಕ ಬೇರೆಯೇ. ಈ ಹವ್ಯಾಸದ ಸುಖ ಯಾವುದು, ಖರ್ಚು ಯಾವುದು ಎಂದು ನೋಡಲು ಕರಾಮ ಒಳ್ಳೆಯ ಜಾಗ.

ಗಲ್ಫಿಗೂ ನಮ್ಮ ಕರಾವಳಿಯ ಕಿವಿಗೂ ಇರುವ ನಂಟು ಇಂದಿನದಲ್ಲ. 1970ರ ದಶಕದಲ್ಲಿ ಗಲ್ಫಿನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಸೀರೆಯ ಜೊತೆಗೆ ಜಪಾನಿನ ‘ಟೂ ಇನ್ ಒನ್’ ಇರುತ್ತಿತ್ತು: ರೇಡಿಯೊ ಮತ್ತು ಕ್ಯಾಸೆಟ್ ಪ್ಲೇಯರ್ ಒಂದೇ ಡಬ್ಬಿಯಲ್ಲಿ. ಭಾರತದಲ್ಲಿ ಕ್ಯಾಸೆಟ್ ಹರಡಲು ಗಲ್ಫ್ ಕೆಲಸಗಾರರು ತಂದ ಈ ಯಂತ್ರಗಳೂ ಕಾರಣ ಎಂದು ಪೀಟರ್ ಮ್ಯಾನುಯೆಲ್ 1993ರ ತಮ್ಮ ‘ಕ್ಯಾಸೆಟ್ ಕಲ್ಚರ್’ ಪುಸ್ತಕದಲ್ಲಿ ಬರೆದಿದ್ದಾರೆ. ದುಬೈಯಲ್ಲಿ ಜಂಬೊ ಎಲೆಕ್ಟ್ರಾನಿಕ್ಸ್ ಶುರುವಾದದ್ದು 1974ರಲ್ಲಿ. ಸೋನಿ ಸಾಮಾನು ಈ ಊರಿನಲ್ಲಿ ಮನೆಮಾತಾಗಲು ಆ ಅಂಗಡಿಯೂ ಒಂದು ಕಾರಣ. ಅದೇ ಹೊತ್ತಿಗೆ ಕನ್ನಡದಲ್ಲೂ ಕ್ಯಾಸೆಟ್ ಯುಗ ಕಣ್ಣುಬಿಟ್ಟಿತ್ತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ.

ಮರುವರ್ಷ, 1979ರ ಜುಲೈ 1ರಂದು, ಸೋನಿ ಕಂಪೆನಿ ಜಪಾನಿನಲ್ಲಿ ವಾಕ್‌ಮನ್ ಬಿಡುಗಡೆ ಮಾಡಿತು. ಬೆಲೆ 33,000 ಯೆನ್. ಅದರಲ್ಲಿ ನಿಜವಾದ ಹೊಸತು ಪ್ಲೇಯರ್‌ಗಿಂತ ಹೆಚ್ಚಾಗಿ ಹೆಡ್‌ಫೋನು. ಅಲ್ಲಿಯವರೆಗಿನ ಹೆಡ್‌ಫೋನುಗಳು ಮುನ್ನೂರು, ನಾನ್ನೂರು ಗ್ರಾಂ ತೂಗುತ್ತಿದ್ದರೆ ಇದು 50 ಗ್ರಾಂ ಕೂಡ ಇರಲಿಲ್ಲ. ಇನ್ನೊಂದು ಸ್ವಾರಸ್ಯ: ಒಬ್ಬನೇ ಕಿವಿ ಮುಚ್ಚಿಕೊಂಡು ಕೂರುವುದು ಮರ್ಯಾದೆಯಲ್ಲ ಎಂದು ಸೋನಿಯ ಅಕಿಯೊ ಮೊರಿಟಾ ಅವರಿಗೆ ಅನಿಸಿತ್ತು. ಅದಕ್ಕೇ ಮೊದಲ ಮಾದರಿಯಲ್ಲಿ ಇಬ್ಬರು ಕೇಳಲು ಎರಡು ತೂತು, ಮಧ್ಯೆ ಮಾತಾಡಿಕೊಳ್ಳಲು ಕಿತ್ತಳೆ ಬಣ್ಣದ ಒಂದು ಗುಂಡಿ. ಆ ಗುಂಡಿ ಒತ್ತಿದರೆ ಹಾಡು ತಗ್ಗಿ ಪಕ್ಕದವರ ಮಾತು ಕೇಳಿಸುತ್ತಿತ್ತು. ಜನ ಅದನ್ನು ಬಳಸಲೇ ಇಲ್ಲ. 1981ರ ಮಾದರಿಯಲ್ಲಿ ಗುಂಡಿ ಮಾಯವಾಯಿತು.

ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುವವರಿಗೆ ಸಿಗುವುದು ಏನು? ಮುಖ್ಯವಾಗಿ ವಿವರ. ಉದಾಹರಣೆಗೆ, ‘ಪ್ರಿಯಾ’ ಚಿತ್ರ 1978ರಲ್ಲಿ ತಮಿಳಿನ ಜೊತೆ ಕನ್ನಡದಲ್ಲೂ ತಯಾರಾಯಿತು. ಇಳಯರಾಜರ ಸಂಗೀತದ ಆ ಹಾಡುಗಳು ದಕ್ಷಿಣದಲ್ಲಿ ಸ್ಟೀರಿಯೊದಲ್ಲಿ ಮುದ್ರಣಗೊಂಡ ಮೊದಮೊದಲ ಚಿತ್ರಗೀತೆಗಳ ಸಾಲಿಗೆ ಸೇರಿದವು. ಫೋನಿನ ಸ್ಪೀಕರಿನಲ್ಲಿ ಸ್ಟೀರಿಯೊ ಮುದ್ರಣದ ಎಡ ಬಲಗಳು ಕಲೆಸಿಹೋಗುತ್ತವೆ. ಹೆಡ್‌ಫೋನಿನಲ್ಲಿ ಯಾವ ವಾದ್ಯ ಎಡಕ್ಕೆ, ಯಾವುದು ಬಲಕ್ಕೆ, ಹಾಡುವವರು ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಅರ್ಥಗಾರಿಕೆಯಂತೂ ಪೂರ್ತಿ ದನಿಯ ಕಲೆ. ಮಾತಿನ ನಡುವೆ ಅವರು ಬಿಡುವ ಬಿಡುವೂ ಅರ್ಥದ ಭಾಗ. ಚಿಕ್ಕ ವಯಸ್ಸಿನಲ್ಲೇ, 1990ರಲ್ಲಿ, ತೀರಿಕೊಂಡ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆ ಈಗ ಉಳಿದಿರುವುದು ಹಳೆಯ ಮುದ್ರಣಗಳಲ್ಲಿ ಮಾತ್ರ. ಅವರ ಏರುಶ್ರುತಿಯ ಕೆಳಗೆ ಮದ್ದಳೆಯ ಎಡಬಲ ಬೆರಳೇಟು ಬೇರೆಬೇರೆಯಾಗಿ ಕೇಳಿಸಿದಾಗ ಬಂಕ್ ಮಂಚದ ಮೇಲಿದ್ದವನು ಅದೇ ಪದ್ಯವನ್ನು ಮತ್ತೊಮ್ಮೆ ಹಾಕಿಕೊಳ್ಳುತ್ತಾನೆ. ಆದರೆ ಒಳ್ಳೆಯ ಉಪಕರಣಕ್ಕೆ ದಾಕ್ಷಿಣ್ಯವಿಲ್ಲ. ಟೇಪಿನ ಸುಯ್ ಸದ್ದು, ಕಾಪಿಯ ಮೇಲೆ ಕಾಪಿ ಮಾಡಿ ಹರಿದ ದನಿ, ಎಲ್ಲವನ್ನೂ ಅದು ಅಷ್ಟೇ ಸ್ಪಷ್ಟವಾಗಿ ಮುಂದಿಡುತ್ತದೆ.

ಹೆಡ್‌ಫೋನಿನಲ್ಲಿ ಎರಡು ಜಾತಿ. ಹಿಂಬದಿ ಮುಚ್ಚಿದ್ದು ಒಂದು, ತೆರೆದದ್ದು ಇನ್ನೊಂದು. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ಹಳದಿ ಸ್ಪಂಜಿನ ಎಚ್‌ಡಿ 414 ಎಂಬ ತೆರೆದ ಮಾದರಿ ತಂದಿತು. ಅದು ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ಹಿಂಬದಿಯಲ್ಲಿ ಗಾಳಿಯಾಡುವುದರಿಂದ ದನಿ ತಲೆಯೊಳಗೆ ಗಿಜಿಗುಡದೆ ಹೊರಗೆ ಹರಡಿದಂತೆ ಕೇಳುತ್ತದೆ. ಹವ್ಯಾಸಿಗಳು ಇಂದಿಗೂ ಹೊಗಳುವ ಎಚ್‌ಡಿ 600 ಇದೇ ವಂಶದ್ದು, ಅದು 1997ರದು. ಕರಾಮದ ಹಂಚಿಕೊಂಡ ಕೋಣೆಯಲ್ಲಿ ಮಾತ್ರ ಇದು ಪೇಚಿಗೆ ಸಿಕ್ಕಿಸುತ್ತದೆ. ತೆರೆದ ಹೆಡ್‌ಫೋನಿನ ಹಾಡು ಪಕ್ಕದ ಮಂಚಕ್ಕೂ ಕೇಳಿಸುತ್ತದೆ, ಪಕ್ಕದ ಮಂಚದ ಗೊರಕೆ ಒಳಗೂ ಬರುತ್ತದೆ. ಹೊಗಳಿಕೆ ಓದಿ ತರಿಸಿಕೊಂಡವರು ವಾರದೊಳಗೆ ಮುಚ್ಚಿದ ಮಾದರಿ ಹುಡುಕತೊಡಗುತ್ತಾರೆ.

ಕರಾಮಕ್ಕೆ ಹೆಚ್ಚು ಒಗ್ಗುವುದು ಹೊರಗಿನ ಸದ್ದು ಅಳಿಸುವ ಮಾದರಿ. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್, 1978ರಲ್ಲಿ ಜೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುವಾಗ ಎಂಜಿನ್ ಸದ್ದಿಗೆ ಬೇಸತ್ತು ಇದರ ಲೆಕ್ಕ ಹಾಕತೊಡಗಿದರು. ಹೆಡ್‌ಫೋನಿನೊಳಗಿನ ಪುಟ್ಟ ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ. ಸರ್ಕ್ಯೂಟು ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಏರಿಳಿತವಿಲ್ಲದ ತಗ್ಗು ದನಿಯ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬೇಸಿಗೆಯಿಡೀ ನಿಲ್ಲದ ಏಸಿಯ ಗುಂಯ್ ಸದ್ದಿಗೆ, ಮಂಗಳೂರಿನ ವಿಮಾನದ ಮೂರೂವರೆ ಗಂಟೆಗೆ ಹೇಳಿ ಮಾಡಿಸಿದ್ದು. ಮಾತು, ಪಾತ್ರೆ ಬಿದ್ದ ಸದ್ದು, ಫೋನಿನ ರಿಂಗು ಅಷ್ಟಾಗಿ ಅಳಿಯುವುದಿಲ್ಲ. ಅವಕ್ಕೆ ಕಿವಿಯನ್ನು ಒತ್ತಿ ಕೂರುವ ಪ್ಯಾಡೇ ತಡೆ.

ಈಗ ದುಡ್ಡಿನ ಮಾತು. ಈ ಹವ್ಯಾಸದ ಬೆಲೆಗೆ ಮೇಲ್ಮಿತಿ ಇಲ್ಲ. 2015ರಲ್ಲಿ ಸೆನ್‌ಹೈಸರ್ ಪ್ರಕಟಿಸಿದ ಎಚ್‌ಇ 1ರ ಬೆಲೆ ಆಗ ಸುಮಾರು 50,000 ಯೂರೊ ಇತ್ತು. ಕರಾರಾ ಅಮೃತಶಿಲೆಯ ಪೀಠ, ಸ್ವಿಚ್ ಒತ್ತಿದರೆ ಅದರೊಳಗಿಂದ ಮೇಲೇಳುವ ಎಂಟು ವಾಲ್ವ್‌ಗಳು. ಕೆಳಗಿನ ತುದಿಯಲ್ಲಿ, 2022ರಲ್ಲಿ ಚೀನಾದ ಮೂನ್‌ಡ್ರಾಪ್ ತಂದ ‘ಚೂ’ ಎಂಬ ಇಯರ್‌ಫೋನ್ ಇದೆ. ಬಂದಾಗ ಅದರ ಬೆಲೆ ಸುಮಾರು 20 ಡಾಲರ್, ದಿರ್ಹಮಿನಲ್ಲಿ ಎಪ್ಪತ್ತಮೂರರ ಆಸುಪಾಸು ಇತ್ತು. ಈ ಎರಡರ ನಡುವೆ ಹವ್ಯಾಸಿಯ ಏಣಿ. ಮೊದಲು ಹೆಡ್‌ಫೋನ್. 300 ಓಮ್‌ನ ಮಾದರಿಯಾದರೆ ಫೋನಿನ ಶಕ್ತಿ ಸಾಲದೆಂದು ಆಂಪ್ಲಿಫೈಯರ್. ಅದಾದ ಮೇಲೆ ಡಿಜಿಟಲ್ ಸಂಕೇತವನ್ನು ದನಿಯಾಗಿಸುವ ಡ್ಯಾಕ್ ಪೆಟ್ಟಿಗೆ. ಆಮೇಲೆ ಬೆಳ್ಳಿ ಲೇಪದ ಕೇಬಲ್.

ಏಣಿ ಹತ್ತಿದಷ್ಟೂ ದನಿ ಸುಧಾರಿಸುತ್ತದೆಯೇ? ಜೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 2017ರಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ತಗ್ಗಿನಿಂದ ತಾರದವರೆಗೆ ಯಾವ ದನಿ ಎಷ್ಟು ಜೋರಾಗಿ ಬರುತ್ತದೆ ಎಂಬ ಅಳತೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹೈ ರೆಸೊಲ್ಯೂಷನ್ ಫೈಲುಗಳ ಕತೆಯೂ ಇಂಥದ್ದೇ. ಬಾಸ್ಟನ್‌ನ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಯಾವುದು ಸಿಡಿ ಗುಣಮಟ್ಟದ್ದು, ಯಾವುದು ಅದಕ್ಕೂ ಮೇಲಿನದು ಎಂದು ಹೇಳದೆ ಕೇಳಿಸಲಾಯಿತು. 554 ಸಲ ಕೇಳಿದ್ದರಲ್ಲಿ ಸರಿ ಉತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಹಾಗೆಂದು ಹೆಡ್‌ಫೋನುಗಳ ನಡುವೆ ವ್ಯತ್ಯಾಸವೇ ಇಲ್ಲವೆಂದಲ್ಲ. ಒಂದರಿಂದ ಒಂದಕ್ಕೆ ದನಿಯ ಬಣ್ಣ ಬಹಳ ಬದಲಾಗುತ್ತದೆ. ಬೆಲೆಚೀಟಿ ನೋಡಿ ಅದನ್ನು ಊಹಿಸಲಾಗದು, ಅಷ್ಟೇ.

ಅಂಗಡಿಯಲ್ಲಿ ಹೋಲಿಸಿ ನೋಡುವಾಗಲೂ ಒಂದು ಮೋಸವಿದೆ, ಅದನ್ನು ಮಾಡುವುದು ನಮ್ಮ ಕಿವಿಯೇ. ಎರಡರಲ್ಲಿ ಒಂದು ತುಸು ಜೋರಾಗಿದ್ದರೆ ಅದೇ ಚೆನ್ನಾಗಿದೆ ಎನಿಸುತ್ತದೆ. ಎರಡರ ವಾಲ್ಯೂಮನ್ನೂ ಸಮ ಮಾಡಿಕೊಂಡು ಕೇಳಿದರೆ ಎಷ್ಟೋ ಖರೀದಿ ಕೌಂಟರಿನಲ್ಲೇ ನಿಲ್ಲುತ್ತದೆ. ಇಯರ್‌ಫೋನಿಗೆ ಸರಿಯಾದ ಅಳತೆಯ ರಬ್ಬರ್ ಟಿಪ್ ಹಾಕಿಕೊಳ್ಳುವುದೂ ಅಷ್ಟೇ ಮುಖ್ಯ. ಕಿವಿಯ ಬಾಯಿ ಪೂರ್ತಿ ಮುಚ್ಚದಿದ್ದರೆ ತಗ್ಗು ದನಿ ಸೋರಿಹೋಗುತ್ತದೆ; ಮದ್ದಳೆ ಡಬ್ಬಿ ಬಡಿದಂತೆ ಕೇಳುತ್ತದೆ. ಇದಕ್ಕೆ ಬೇಕಾಗುವುದು ಪೆಟ್ಟಿಗೆಯಲ್ಲೇ ಬರುವ ಇನ್ನೊಂದು ಅಳತೆಯ ಟಿಪ್ಪು, ಹೊಸ ಇಯರ್‌ಫೋನಲ್ಲ.

ದುಬೈಗೇ ಮೀಸಲಾದ ಖರ್ಚುಗಳೂ ಇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮೇಲೆ ಸಮುದ್ರದ ತೇವ. ಹೆಡ್‌ಫೋನ್ ಪ್ಯಾಡಿನ ಕೃತಕ ಚರ್ಮ ಬೆವರು, ತೇವಕ್ಕೆ ಸಿಪ್ಪೆ ಏಳುತ್ತದೆ, ಕಿವಿಯ ಸುತ್ತ ಕಪ್ಪು ಚೂರು ಉದುರುತ್ತದೆ. ಬಟ್ಟೆಯ ಪ್ಯಾಡು ಹೆಚ್ಚು ಬಾಳುತ್ತದೆ, ಆದರೆ ಹೊರಗಿನ ಸದ್ದನ್ನು ಕಡಿಮೆ ತಡೆಯುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ವೈರ್‌ಲೆಸ್ ಹೆಡ್‌ಫೋನಿನ ಬ್ಯಾಟರಿ ಬೇಗ ಸೊರಗುತ್ತದೆ. ಕಾಪಿ ಬ್ಯಾಗು, ಕಾಪಿ ವಾಚಿಗೆ ಹೆಸರಾದ ಕರಾಮದಲ್ಲಿ, ದೊಡ್ಡ ಹೆಸರಿನ ಇಯರ್‌ಬಡ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕರೆ ಅನುಮಾನಪಡುವುದು ಒಳ್ಳೆಯದು. ಡಬ್ಬಿಯ ಮೇಲಿನ ಸೀರಿಯಲ್ ನಂಬರನ್ನು ಕಂಪೆನಿಯ ತಾಣದಲ್ಲಿ ನೋಡಿ, ಬಿಲ್ಲು ಕೇಳಿ ಪಡೆಯಬೇಕು. ಇನ್ನೊಂದೆಡೆ, ಜನ ಬಂದು ಹೋಗುವ ಊರಾದ್ದರಿಂದ ಸೆಕೆಂಡ್ ಹ್ಯಾಂಡ್ ಪೇಟೆ ಚುರುಕು. ವೀಸಾ ಮುಗಿದು ಹೊರಟವರು 2005ರಲ್ಲಿ ಶುರುವಾದ ಡುಬಿಝಲ್ ಎಂಬ ಜಾಹೀರಾತು ತಾಣದಲ್ಲಿ ಸಾಮಾನು ಮಾರಿ ಹೋಗುತ್ತಾರೆ. ಪ್ಯಾಡು ಬದಲಿಸಬಹುದಾದ, ತಂತಿಯ ಹೆಡ್‌ಫೋನುಗಳಿಗೆ ಅಲ್ಲಿ ಬೆಲೆ ನಿಲ್ಲುತ್ತದೆ. ಬ್ಯಾಟರಿ ಒಳಗೇ ಅಂಟಿಸಿದ ಇಯರ್‌ಬಡ್‌ಗಳಿಗೆ ಎರಡು ವರ್ಷದ ಮೇಲೆ ಗಿರಾಕಿ ಸಿಗುವುದು ಕಷ್ಟ.

ರೂಮಿನವರ ಜೊತೆಗಿನ ಸಂಬಂಧವನ್ನೂ ಖರ್ಚಿನ ಪಟ್ಟಿಗೆ ಸೇರಿಸಬೇಕು. ಊಟವಾದ ಮೇಲೆ ನಾಲ್ಕು ಮಂಚದಲ್ಲಿ ನಾಲ್ವರು ಕಿವಿ ಮುಚ್ಚಿಕೊಂಡರೆ ಜಗಳ ತಪ್ಪುತ್ತದೆ, ಹರಟೆಯೂ ತಪ್ಪುತ್ತದೆ. ಊರಿಂದ ಬಂದ ಸುದ್ದಿ ಹೇಳಬೇಕೆಂದರೆ ಮಂಚದ ಕಾಲು ಅಲ್ಲಾಡಿಸಿ ಕರೆಯಬೇಕು. ಮೊರಿಟಾ ಅವರ ಕಿತ್ತಳೆ ಗುಂಡಿ ಇಂದಿನ ದುಬಾರಿ ಹೆಡ್‌ಫೋನುಗಳಲ್ಲಿ ‘ಟ್ರಾನ್ಸ್‌ಪರೆನ್ಸಿ’ ಎಂಬ ಹೆಸರಿನಲ್ಲಿ ಮರಳಿ ಬಂದಿದೆ. ಹೊರಗಿನ ಮಾತನ್ನು ಮೈಕಿನಿಂದ ಒಳಗೆ ಬಿಡುವ ವ್ಯವಸ್ಥೆ ಅದು.

ಎಲ್ಲಕ್ಕಿಂತ ದೊಡ್ಡ ಖರ್ಚು ಕಿವಿಯದು. ಒಳಗಿವಿಯಲ್ಲಿ ದನಿಯನ್ನು ಹಿಡಿಯುವ ರೋಮಕೋಶಗಳಿವೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ. ಮಕ್ಕಳಿಗೆ ಅದು 75 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಾಗಲೆಲ್ಲ ಹೊತ್ತು ಅರ್ಧವಾಗುತ್ತದೆ. ಹಾಗಾಗಿ 90 ಡೆಸಿಬೆಲ್‌ನಲ್ಲಿ ವಾರಕ್ಕೆ ನಾಲ್ಕೇ ಗಂಟೆ, 100ರಲ್ಲಿ ಅರ್ಧ ಗಂಟೆಗೂ ಕಡಿಮೆ. ಅಸುರಕ್ಷಿತವಾಗಿ ಕೇಳುವುದರಿಂದ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಯುವಜನರ ಕಿವಿ ಅಪಾಯದಲ್ಲಿದೆ ಎಂದೂ ಆ ಸಂಸ್ಥೆ ಹೇಳುತ್ತದೆ. ಕೋಣೆಯ ಏಸಿ, ಮೆಟ್ರೊದ ಗದ್ದಲ, ರಸ್ತೆಯ ಟ್ರಾಫಿಕ್ಕನ್ನು ಮೀರಿಸಲು ವಾಲ್ಯೂಮ್ ಏರಿಸುವುದೇ ಹೆಚ್ಚಿನ ಹಾನಿಯ ಮೂಲ. ಸದ್ದು ತಡೆಯುವ ಹೆಡ್‌ಫೋನಿಗೆ ಕೊಡುವ ದುಡ್ಡಿಗೆ ಇಲ್ಲಿ ಗಟ್ಟಿ ಸಮರ್ಥನೆಯಿದೆ, ವಾಲ್ಯೂಮ್ ತಗ್ಗಿಸಿದರೆ ಮಾತ್ರ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಕೀಂ ಎನ್ನುವ ಸದ್ದು ಉಳಿದರೆ ಅಂದಿನ ಮಟ್ಟ ಹೆಚ್ಚಾಗಿತ್ತು ಎಂದರ್ಥ. ಅದು ಹೋಗದೆ ಮುಂದುವರಿದರೆ ಕಿವಿ ವೈದ್ಯರಲ್ಲಿಗೆ ಹೋಗಬೇಕು.

2019ರ ನಂತರದ ಐಫೋನ್ ಇರುವವರಿಗೆ ಈ ಲೆಕ್ಕ ಹೆಲ್ತ್ ಆ್ಯಪಿನ ‘ಹಿಯರಿಂಗ್’ ಪುಟದಲ್ಲೇ ಸಿಗುತ್ತದೆ. ಯಾವ ದಿನ ಎಷ್ಟು ಡೆಸಿಬೆಲ್, ಎಷ್ಟು ಹೊತ್ತು ಎಂಬ ಗೆರೆಚಿತ್ರ ಅಲ್ಲಿದೆ. ಮೇಲ್ಮಿತಿ ಹಾಕುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲೂ ವಾಲ್ಯೂಮ್ ಮಿತಿ ಇಡಬಹುದು. ಬೇರೆ ಕಂಪೆನಿಯ ಹೆಡ್‌ಫೋನನ್ನು ತಂತಿಯಲ್ಲಿ ಸಿಕ್ಕಿಸಿದರೆ ಐಫೋನು ತೋರಿಸುವ ಅಂಕಿ ವಾಲ್ಯೂಮ್ ನೋಡಿ ಮಾಡಿದ ಅಂದಾಜು ಮಾತ್ರ. ಹಾಗೆ ಕೇಳುವವರು ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ನಾಲ್ಕೈದು ಡೆಸಿಬೆಲ್ ಕೆಳಗೇ ಮಿತಿ ಇಟ್ಟುಕೊಳ್ಳುವುದು ಕ್ಷೇಮ.