ಬರೆಯುವುದು ಎಂದರೆ



ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಗಣಿತದ ಪಾಠ ಮುಗಿಯದಿದ್ದರೂ ನನ್ನ ಪೀರಿಯಡ್ಡೇ ಹೋಗುತ್ತಿತ್ತು, ವಿಜ್ಞಾನದ ಪಾಠ ಮುಗಿಯದಿದ್ದರೂ ನನ್ನದೇ ಹೋಗುತ್ತಿತ್ತು. ಅಂಥವನನ್ನು ಗ್ರಂಥಾಲಯ ಮೇಲ್ವಿಚಾರಕರಾದ ನೀವು ಪುಸ್ತಕದವರ ಸಮಾವೇಶಕ್ಕೆ ಅಧ್ಯಕ್ಷನಾಗಿ ಕೂರಿಸಿದ್ದೀರಿ. ಅದೂ ಊಟಕ್ಕೆ ಮುಂಚೆ! ಬೇಗ ಮುಗಿಸುತ್ತೇನೆ.

ಮುಂದಿನ ತಿಂಗಳಿಂದ ನಮ್ಮ ಸಾಗರ ತಾಲ್ಲೂಕಿನ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಚಿತ್ರದ ತರಗತಿ ಶುರು ಮಾಡೋಣ ಎಂಬ ವಿಚಾರ ಬೆಳಿಗ್ಗೆಯಿಂದ ಚರ್ಚೆಯಲ್ಲಿದೆ. ಮೂರು ಆಕ್ಷೇಪಣೆ ಕೇಳಿಬಂದವು. ಪುಸ್ತಕಕ್ಕೆ ಬಣ್ಣ ಮೆತ್ತಿಕೊಳ್ಳುತ್ತದೆ, ಕಲಿಸುವವರಿಲ್ಲ, ಗ್ರಂಥಾಲಯಕ್ಕೂ ಚಿತ್ರಕ್ಕೂ ಏನು ಸಂಬಂಧ. ಕೊನೆಯದನ್ನೇ ಮೊದಲು ಹಿಡಿಯುತ್ತೇನೆ.

ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ‘ಬಿಡಿಸು’ ಅನ್ನುವುದೂ ಉಂಟು, ಆದರೆ ನಮ್ಮ ಸೀಮೆಯ ದೀವರ ಮನೆಯ ಅಜ್ಜಿಯನ್ನು ಕೇಳಿ, ಚಿತ್ತಾರ ‘ಬರೆಯೋದು’ ಅಂತಲೇ ಹೇಳುತ್ತಾಳೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಗುರಿಗೆಯ ಹಳದಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು. ಕುಂಚ ಪುಂಡಿ ನಾರಿನದು. ಸ್ಕೇಲಿಲ್ಲದೆ ಆ ಕೈ ಎಳೆಯುವ ಗೆರೆಯ ನೇರ ನನಗೆ ಇಷ್ಟು ವರ್ಷವಾದರೂ ಬಂದಿಲ್ಲ. ಮದುವೆ ಮನೆಯ ಹಸೆ ಗೋಡೆಯಲ್ಲಿ, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಏನಿದೆ ಎಂದು ಕೇಳಿದರೆ ಆಕೆ ಒಂದೊಂದೇ ಗೆರೆಗೆ ಬೆರಳಿಟ್ಟು ಹೇಳುತ್ತಾಳೆ. ಅದು ಓದುವುದಲ್ಲದೆ ಇನ್ನೇನು? ಕಲಿಸುವವರಿಲ್ಲ ಎಂದಿರಲ್ಲ, ಆಕೆಯನ್ನು ಕರೆಯಿರಿ. ಬರಿ ಶಾಲು ಹೊದಿಸಿ ಕಳಿಸಬೇಡಿ, ಗೌರವಧನ ಕೊಡಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿರುವವರು ನಾವು. ಪಂಚಾಯಿತಿ ಸದಸ್ಯರು ಎದುರಿಗೇ ಕೂತಿದ್ದಾರೆ, ಆದ್ದರಿಂದ ಹೇಳಿದೆ.

ಇನ್ನು ಗ್ರಂಥಾಲಯಕ್ಕೆ ಮಕ್ಕಳು ಬಂದ ಬಗೆ. ಗ್ರಾಮ ಗ್ರಂಥಾಲಯಗಳು 2019ರಲ್ಲಿ ಪಂಚಾಯಿತಿ ಇಲಾಖೆಗೆ ಬಂದವು. 2020ರಲ್ಲಿ, ಕೊರೊನಾ ಶಾಲೆಗೆ ಬೀಗ ಹಾಕಿಸಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಪೇಪರ್ ಓದುವ ಹಿರಿಯರ ಜಾಗಕ್ಕೆ ಮಕ್ಕಳು ಬಂದದ್ದು ಹಾಗೆ. ಬಂದವರೆಲ್ಲ ಓದುತ್ತಾರೆಯೇ? ಇಲ್ಲ. ಕಾರ್ಡು ಮಾಡಿಸಿಕೊಂಡು ಕಿಟಕಿಯ ಹತ್ತಿರ ಕೂತಿರುವವರು ಎಷ್ಟು ಮಂದಿ ಎಂಬುದು ನಿಮಗೇ ಗೊತ್ತು.

ಅಂಥ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮೂರ ಗ್ರಂಥಾಲಯದಲ್ಲಿ ಕೆಲವು ಶನಿವಾರ ನಾನೇ ಮಕ್ಕಳ ಜೊತೆ ಕೂತೆ. ಆರನೇ ಕ್ಲಾಸಿನ ಹುಡುಗ. ಕಾಗದ ಕೊಟ್ಟ ತಕ್ಷಣ ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲೊಂದು ಮನೆ. ಮನೆಯ ಮೇಲೆ ಹೊಗೆ ಕೊಳವೆ. ಹೊರಗೆ ಮಳೆ ಸುರಿಯುತ್ತಿದೆ, ನಿಜವಾದ ಗುಡ್ಡ ಮಂಜಿನಲ್ಲಿ ಮುಳುಗಿದೆ, ಸೂರ್ಯನನ್ನು ಕಂಡು ಎಂಟು ದಿನವಾಗಿದೆ. “ಇದೇನೋ ಮನೆ ಮೇಲೆ?” ಅಂದೆ. “ಗೊತ್ತಿಲ್ಲ ಸಾರ್, ಹಂಗೇ ಬರೀಬೇಕು” ಅಂದ.

ಹಾಗೇ ಬರೆಯಬೇಕು ಎಂದು ಹೇಳಿಕೊಟ್ಟವರು ನನ್ನಂಥವರೇ. ಲೋಯರ್ ಗ್ರೇಡು, ಹೈಯರ್ ಗ್ರೇಡು ಪರೀಕ್ಷೆಗೆಂದು ಹೂಜಿ, ಮಾವಿನಹಣ್ಣು ನಕಲು ಮಾಡಿಸಿದ ಕೈ ಇದು. ವಿಯೆನ್ನಾದಲ್ಲಿ ಫ್ರಾನ್ಜ್ ಚಿಜೆಕ್ ಎಂಬಾತ ಮಕ್ಕಳಿಗೆ ಅವರಿಷ್ಟದಂತೆ ಬರೆಯಲು ಬಿಡುವ ತರಗತಿ ತೆರೆದದ್ದು 1897ರಲ್ಲಿ. ಗಾಂಧೀಜಿಯ ಸೇವಾಗ್ರಾಮದಲ್ಲಿ ದೇವಿಪ್ರಸಾದರು ಹಳ್ಳಿಯ ಮಕ್ಕಳೊಂದಿಗೆ ವರ್ಷಗಟ್ಟಲೆ ಆ ಕೆಲಸ ಮಾಡಿದರು. ಇದೆಲ್ಲ ನನಗೆ ತಿಳಿದದ್ದು ನಿವೃತ್ತಿಯ ನಂತರ, ನಿಮ್ಮಂಥವರ ಕಪಾಟಿನಿಂದಲೇ.

ಮುಂದಿನ ವಾರ ಅದೇ ಹುಡುಗನಿಗೆ, “ಬೆಳಿಗ್ಗೆ ನಿಮ್ಮ ತೋಟದಲ್ಲಿ ಏನು ನಡೀತು, ಅದನ್ನ ಬರಿ” ಅಂದೆ. ಅಡಿಕೆಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ದಿನಗಳು. ಹಾಳೆಯ ಮುಕ್ಕಾಲು ಭಾಗ ಒಂದು ನೀಲಿ ಡ್ರಮ್ಮು ಬಂತು. ಮರದ ತುದಿಯಲ್ಲಿ ಇರುವೆಯಷ್ಟು ಅಪ್ಪ. ಅಳತೆ ತಪ್ಪಿದೆ ಎಂದು ನನ್ನ ಕೈ ಪೆನ್ಸಿಲಿಗೆ ಹೋಗಿತ್ತು. ಹೇಗೋ ತಡೆದುಕೊಂಡು ಕೇಳಿದೆ: “ಡ್ರಮ್ಮು ಯಾಕೋ ಇಷ್ಟು ದೊಡ್ಡದು?”

“ಕಲಸೋದು ನಾನೇ ಸಾರ್.”

ಮೈಲುತುತ್ತ ಮಕ್ಕಳ ಕೈಗೆ ಕೊಡಬಾರದು, ಅದನ್ನು ಆಮೇಲೆ ಅವನ ಅಪ್ಪನಿಗೆ ಹೇಳಿದೆ. ಆದರೆ ಆ ಹೊತ್ತಿಗೆ ಹುಡುಗನಿಗೆ ಚಿತ್ರದ ಕೆಳಗೆ ‘ಮೈಲುತುತ್ತ’ ಅಂತ ಬರೆಯಬೇಕಿತ್ತು, ತಕಾರಕ್ಕೆ ಒತ್ತು ಎಲ್ಲಿ ಎಂದು ತಿಳಿಯಲಿಲ್ಲ. ಮೇಲ್ವಿಚಾರಕಿ ಎದ್ದು ಕೃಷಿಯ ಪುಸ್ತಕವೊಂದನ್ನು ತೆಗೆದುಕೊಟ್ಟರು. ಬೆರಳಿಟ್ಟು ಹುಡುಕಿದ. ಪದದ ಜೊತೆಗೆ ಲೆಕ್ಕವೂ ಸಿಕ್ಕಿತು: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. “ಅಪ್ಪ ಅಂದಾಜಿಗೆ ಹಾಕ್ತಾನೆ, ತೋರಿಸ್ಬೇಕು” ಅಂತ ಪುಸ್ತಕವನ್ನು ಮನೆಗೆ ಒಯ್ದ. ಅವನ ಕಾರ್ಡಿನಲ್ಲಿ ಬಿದ್ದ ಮೊದಲ ನಮೂದು ಅದು.

ಇನ್ನು ಬಣ್ಣ ಮೆತ್ತಿಕೊಳ್ಳುವ ಮಾತು. ಕಳೆದುಹೋದ, ಕೆಟ್ಟುಹೋದ ಪುಸ್ತಕಕ್ಕೆ ಉತ್ತರ ಕೊಡಬೇಕಾದವರು ನೀವು, ನಿಮ್ಮ ಭಯ ಸುಳ್ಳಲ್ಲ. ಮೊದಲ ಎರಡು ತಿಂಗಳು ನೀರಿನ ಬಣ್ಣ ಬೇಡ, ಕ್ರೇಯಾನ್ ಸಾಕು. ಮಕ್ಕಳನ್ನು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿ, ಬಾಗಿಲಲ್ಲಿ ಒಂದು ಬಕೆಟ್ ನೀರು, ಹಳೇ ಪಂಚೆಯ ತುಂಡು ಇಡಿ. ಕಾಗದಕ್ಕೆ ಹಳೇ ಕ್ಯಾಲೆಂಡರಿನ ಬೆನ್ನು, ಹೋದ ವರ್ಷದ ಜಾತ್ರೆಯ ಕರಪತ್ರ ಆಗುತ್ತವೆ. ಆಮೇಲೆ ಬೇಕಾದರೆ ಕೆಮ್ಮಣ್ಣು, ಇದ್ದಿಲು, ಬಸಳೆ ಹಣ್ಣು. ಅರಿಶಿನಕ್ಕೆ ಸುಣ್ಣ ಬಿದ್ದು ಕೆಂಪಾಗುವುದನ್ನು ನೋಡಲಿಕ್ಕೇ ಅರ್ಧ ಊರು ಸೇರುತ್ತದೆ.

ಒಂದೇ ಒಂದು ಬೇಡಿಕೆ: ಸ್ಪರ್ಧೆ ಇಡಬೇಡಿ. ಮೊದಲ ಬಹುಮಾನ ಇಟ್ಟ ದಿನವೇ ಡ್ರಮ್ಮು ಮಾಯವಾಗಿ ಎರಡು ಗುಡ್ಡ, ಒಂದು ಸೂರ್ಯ ವಾಪಸು ಬರುತ್ತವೆ. ಬದಲಿಗೆ ವರ್ಷದ ಕೊನೆಗೆ ಚಿತ್ರಗಳನ್ನು ದಾರ ಹಾಕಿ ಹೊಲಿದು, ರಟ್ಟು ಕಟ್ಟಿ, ದಾಖಲೆ ಪುಸ್ತಕದಲ್ಲಿ ನಂಬರು ಕೊಟ್ಟು, ಕಾರಂತರ ‘ಬಾಲಪ್ರಪಂಚ’ದ ಪಕ್ಕದಲ್ಲೇ ಇಡಿ. ಬೇಕಾದವರು ಮನೆಗೂ ಒಯ್ಯಲಿ.

ಆ ಹುಡುಗ ಒಪ್ಪಿ ಕೊಟ್ಟದ್ದಕ್ಕೆ ಅವನ ಚಿತ್ರ ತಂದಿದ್ದೇನೆ, ಬಾಗಿಲ ಪಕ್ಕದ ಗೋಡೆಯಲ್ಲಿದೆ. ಊಟಕ್ಕೆ ಹೋಗುವಾಗ ನೋಡಿ. ಮುಟ್ಟಬೇಡಿ, ನೀಲಿ ಕ್ರೇಯಾನ್ ಇನ್ನೂ ಕೈಗೆ ಅಂಟುತ್ತದೆ.