ಸಿದ್ದಿಗಳನ್ನು ಕೇಳಿದವರು ಯಾರು?



ಆರೋಗ್ಯ ಪ್ರದರ್ಶನಕ್ಕೆ ಬೆಳ್ಳಾವಿ ತಕ್ಕ ಜಾಗ. ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಆಗ ವಿಜ್ಞಾನ ಕನ್ನಡದಲ್ಲಿ ಜನರ ಬಳಿಗೆ ಬಂತು. ಈಗ ಜನರ ಪ್ರಶ್ನೆಗಳೂ ವಿಜ್ಞಾನದ ಬಳಿಗೆ ಹೋಗಬೇಕಾಗಿದೆ.

ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಉತ್ತರ ಕನ್ನಡದ ಸಿದ್ದಿಗಳಲ್ಲಿ ನೋಡಬಹುದು. ಅವರ ಪೂರ್ವಿಕರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಯಲ್ಲಿ ಇಂದು ಅವರ ಸಂತತಿ ಕನ್ನಡ, ಕೊಂಕಣಿ ಆಡುತ್ತ ಗದ್ದೆ ತೋಟಗಳಲ್ಲಿ ದುಡಿಯುತ್ತಿದೆ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಆಫ್ರಿಕನ್ ಮೈಕಟ್ಟಿನವರು ಓಡಿಯೇ ಓಡುತ್ತಾರೆ ಎಂಬ ಲೆಕ್ಕಾಚಾರ. ಕೆಲವರು ಪದಕಗಳನ್ನೂ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. 2011ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳಿದ್ದ ತಂಡ ಸಿದ್ದಿಗಳ ವಂಶವಾಹಿ ಅಧ್ಯಯನ ಪ್ರಕಟಿಸಿತು. ಅವರ ಆಫ್ರಿಕಾದ ಬಂಟು ಮೂಲ ಖಚಿತವಾಯಿತು.

ಹೀಗೆ ಕಾಲಿನ ಬಲ ನೋಡಿದ್ದಾಯಿತು, ರಕ್ತ ಪರೀಕ್ಷಿಸಿದ್ದಾಯಿತು. ಬೆಂಗಳೂರಿನಲ್ಲಿ ಅಚ್ಚ ಕನ್ನಡ ಮಾತಾಡುವ ಸಿದ್ದಿ ಹುಡುಗನಿಗೆ ‘ಯಾವ ದೇಶ ನಿಂದು?’ ಎಂಬ ಪ್ರಶ್ನೆ ಎದುರಾದಾಗ ಅವನ ಮನಸ್ಸಿಗೆ ಏನಾಗುತ್ತದೆ ಎಂಬುದು ಈ ಯಾವ ಲೆಕ್ಕದಲ್ಲೂ ಸಿಗದು.

ಅದನ್ನು ಸಿದ್ದಿಗಳೇ ಹೇಳಬೇಕು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಅವರಿಗೆ ದಕ್ಕಿದ್ದು ಒಗ್ಗೂಡಿ ಕೇಳಿದ ಮೇಲೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ಆರೋಗ್ಯ ಸಮೀಕ್ಷೆಯಲ್ಲೂ ಪ್ರಶ್ನೆ ಬರೆಯುವ ದಿನದಿಂದಲೇ ಅವರಿಗೆ ಜಾಗ ಇರಬೇಕು.

ಜನರ ಅರಿವಿಗೆ ಹೀಗೆ ಜಾಗ ಕೊಟ್ಟ ಮಾದರಿ ಆಫ್ರಿಕಾದಲ್ಲೇ ಇದೆ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯ ಬಡಾವಣೆಯ ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ಕಿನ ಅಂಗಳದ ಮರದ ಬೆಂಚಿನ ಮೇಲೆ ಕೂತು ಅಜ್ಜಿಯರು ನೊಂದವರ ಮಾತು ಕೇಳಿದರು, ಕಷ್ಟಕ್ಕೆ ದಾರಿ ಹುಡುಕಲು ನೆರವಾದರು. 573 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೆಂಚಿಗೆ ಬಂದವರಲ್ಲಿ ಖಿನ್ನತೆ, ಆತಂಕ ಮಾಮೂಲಿ ಆರೈಕೆ ಪಡೆದವರಿಗಿಂತ ಕಡಿಮೆಯಿತ್ತು.

ಅಷ್ಟು ದೂರ ಯಾಕೆ? ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಂಡ ತೀವ್ರ ಮನೋರೋಗ ಇರುವವರನ್ನು ಹುಡುಕಿ, ತಾಲ್ಲೂಕಿನಲ್ಲೇ ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ಅವರ ಯೋಗಕ್ಷೇಮ ನೋಡಿಕೊಂಡು ಬಂದಿದೆ. ಅದಕ್ಕೂ ಮೊದಲು, 2005ರಲ್ಲಿ, ತೀರ್ಥಹಳ್ಳಿಯಲ್ಲಿ ಇಂಥದೇ ಕೆಲಸ ಶುರುವಾಗಿತ್ತು. ಯಾವ ಮನೆಯಲ್ಲಿ ಯಾರು ಊಟ ಬಿಟ್ಟು ಮಂಕಾಗಿ ಕೂತಿದ್ದಾರೆ ಎಂಬುದು ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಸಂಶೋಧನೆಯ ಪುಸ್ತಕಕ್ಕೂ ಏರಲಿ.

ಈ ಪ್ರದರ್ಶನದಲ್ಲಿ ಬಿ.ಪಿ., ಶುಗರ್ ನೋಡುವವರಲ್ಲಿ ಒಂದು ಕೋರಿಕೆ: ನಿದ್ದೆ ಹೇಗಿದೆ, ಸಾಲದ ಚಿಂತೆ ಇದೆಯಾ ಎಂದೂ ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬಂದವರೆಲ್ಲ ಆ ಸಂಖ್ಯೆಯನ್ನು ಫೋನಿನಲ್ಲಿ ಸೇರಿಸಿಕೊಂಡೇ ಹೋಗಲಿ. ಪ್ರದರ್ಶನ ಉದ್ಘಾಟನೆಯಾಗಿದೆ, ಎಲ್ಲರೂ ಮಳಿಗೆಗಳತ್ತ ಬನ್ನಿ.